ಹಿತ್ತಾಳೆ ಕೊಂಡಿ

ಸಬ್‌ಸ್ಟೇಷನ್ ಕ್ವಾರ್ಟರ್ಸ್
ಮಂಗಳವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕನಿಗೆ,

ಸಿಕ್ಕ ಕಾಗದದಲ್ಲಿ ಪದ್ಯ ಗೀಚುವ ತಮ್ಮನ ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದಕ್ಕೆ ಸೋಮಾರಿತನ ಕಾರಣವಲ್ಲ. ಬರೆದರೆ ಭಾವನ ಸುದ್ದಿ ಬರೆಯಬೇಕು, ಅದಕ್ಕೇ ಕೈ ಬರಲಿಲ್ಲ.

ಹೋದ ವಾರ ಮಧ್ಯಾಹ್ನ ಎಲ್ಲೆಲ್ಲೂ ಕರೆಂಟು ಹೋಯಿತಲ್ಲ, ಆವತ್ತಿನ ವಿಷಯ. ಎಲ್ಲ ಊರುಗಳ ಲೈನು ಸೇರಿದ ದೊಡ್ಡ ಜಾಲ ಕುಸಿಯತೊಡಗಿದರೆ ನಮ್ಮೂರಿನ ಪುಟ್ಟ ವಿದ್ಯುತ್ ಸ್ಥಾವರ ತಾನಾಗಿ ಅದರಿಂದ ಕಳಚಿಕೊಂಡು, ಆಸ್ಪತ್ರೆ ಮತ್ತು ನೀರಿನ ಪಂಪನ್ನಷ್ಟೇ ಹೊತ್ತು ದ್ವೀಪದ ಹಾಗೆ ನಿಲ್ಲಬೇಕು. ಕಳಚಿಕೋ ಎಂದು ಹೇಳುವುದು ಒಂದು ರಿಲೇ. ಅದರ ಮಾತು ಲೈನು ಕಡಿಯುವ ಬ್ರೇಕರಿಗೆ ತಲುಪುವುದು ಬೆರಳುದ್ದದ ಒಂದು ಹಿತ್ತಾಳೆ ಕೊಂಡಿಯ ಮೂಲಕ. ಆವತ್ತು ರಿಲೇ ಹೇಳಿತು, ಬ್ರೇಕರಿಗೆ ಕೇಳಲಿಲ್ಲ. ಕೊಂಡಿಯೇ ಇರಲಿಲ್ಲ. ಸ್ಥಾವರವೂ ಮುಳುಗಿತು. ಆಸ್ಪತ್ರೆಯ ಜನರೇಟರ್ ಏಳುವಷ್ಟರಲ್ಲಿ ನಾಲ್ಕು ನಿಮಿಷ. ಅಷ್ಟೂ ಹೊತ್ತು ಒಬ್ಬ ನರ್ಸು ಗಾಳಿಚೀಲ ಒತ್ತುತ್ತ ಒಂದು ಮಗುವನ್ನು ಉಳಿಸಿಕೊಂಡಳಂತೆ.

ರಿಲೇ ಪರೀಕ್ಷೆ ಮಾಡುವಾಗ ಊರಿಗೆಲ್ಲ ಕರೆಂಟು ಹೋಗದಿರಲಿ ಎಂದು ಆ ಕೊಂಡಿ ತೆಗೆದಿಡುವುದು ನನ್ನದೇ ಕೆಲಸ. ಮೂರು ದಿನ ಮುಂಚೆ ತೆಗೆದಿದ್ದೆ, ಹಾಕಿದ್ದೆ. ರಿಜಿಸ್ಟರಿನಲ್ಲಿ ‘ಕೊಂಡಿ ವಾಪಸ್’ ಎಂದು ಬರೆದು ರುಜು ಹಾಕಿದ್ದೇನೆ. ಹಾಗಾದರೆ ಆಮೇಲೆ ತೆಗೆದವರು ಯಾರು?

ಹೇಳಲು ಬೇಜಾರು, ಆದರೂ ಕೇಳು. ಈ ರಿಲೇ ಹಿಂದೆ ಎರಡು ಸಲ ಸುಮ್ಮಸುಮ್ಮನೆ ಲೈನು ಕಡಿಸಿತ್ತು. ಶಿಫ್ಟ್ ಇನ್‌ಚಾರ್ಜ್ ಅಂತ ಬೈಸಿಕೊಂಡವರು ಭಾವ. “ಇದರ ಕಾಟ ಒಂದು ದಿನ ತಪ್ಪಿಸ್ತೀನಿ ನೋಡು” ಅಂದಿದ್ದರು. ಆ ಮಧ್ಯಾಹ್ನ ನಾನು ಓಡಿ ಹೋದಾಗ ಪ್ಯಾನೆಲ್ ಬಾಗಿಲು ತೆರೆದಿತ್ತು, ಭಾವ ಒಬ್ಬರೇ ಇದ್ದರು, ಏನನ್ನೋ ಊಟದ ಚೀಲಕ್ಕೆ ತುರುಕಿದರು.

“ಏನದು ಭಾವ?”

“ಏನಿಲ್ಲ ಕವಿಗಳೇ. ಊಟ ಆಯ್ತಾ?”

ಊರಿಗೇ ಕರೆಂಟಿಲ್ಲದಿರುವಾಗ ಊಟದ ವಿಚಾರಣೆ. ಅಲ್ಲೇ ನನಗೆ ಅನುಮಾನದ ಹುಳ ಹೊಕ್ಕಿತು. ಅಂದಿನಿಂದ ಅವರು ನನ್ನ ಮುಖ ನೋಡುವುದಿಲ್ಲ. ಚಹಾ ಕುಡಿಯುವಾಗಲೂ ಆ ಚೀಲ ತೊಡೆಯ ಮೇಲೆ. ಸಾಹೇಬರು ಕೇಳಿದರು, “ಪ್ಯಾನೆಲ್ ಹತ್ತಿರ ಯಾರನ್ನು ನೋಡಿದ್ರಿ?” ನಾನು ಹೇಳಿದೆ. ಬರೆದೂ ಕೊಟ್ಟೆ. ಸೋಮವಾರ ಹನ್ನೊಂದು ಗಂಟೆಗೆ ವಿಚಾರಣೆ. ಭಾವನ ಕೆಲಸ ಹೋದರೂ ಹೋದೀತು. ಭಾವನನ್ನು ಕೇಳಿದರೆ “ನಾನು ನೋಡ್ಕೋಬೇಕಿತ್ತು” ಅಂತ ಒಂದೇ ಮಾತು. ತಪ್ಪಿಲ್ಲದವರು ಹೀಗೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆಯೇ?

ಗುರುವಾರ ಅವರು ಮನೆಗೆ ಬರುತ್ತಾರೆ. ಅವರು ಸ್ನಾನಕ್ಕೆ ಹೋದಾಗ ಆ ಚೀಲ ಸ್ವಲ್ಪ ನೋಡು. ಕೊಂಡಿ ಸಿಕ್ಕರೆ ಒಂದು ಸಾಲು ಬರೆ. ತಪ್ಪು ತಿಳಿಯಬೇಡ.

ಪುಟ್ಟಿಗೆ ಮಾವನ ಆಶೀರ್ವಾದ. ಲೆಕ್ಕದಲ್ಲಿ ಬಂದರೂ ಸೊನ್ನೆ, ಗದರದೆ ತಟ್ಟು ಬೆನ್ನನ್ನೇ.

ಇಂತಿ,
ನಿನ್ನ ತಮ್ಮ

ಮರೆತ ಮಾತು: ಲಕೋಟೆ ಅಂಟಿಸುವ ಮುಂಚೆ ಕನ್ನಡಕದ ಕಾಲು ಕಳಚಿತು. ಸಣ್ಣ ಸ್ಕ್ರೂಡ್ರೈವರಿಗೆಂದು ಪರೀಕ್ಷೆಯ ಪೆಟ್ಟಿಗೆ ತಡಕಿದೆ. ಒರೆಸುವ ಬಟ್ಟೆಯ ಮಡಿಕೆಯಲ್ಲಿ ಕೊಂಡಿ ಇದೆ ಅಕ್ಕ. ಪರೀಕ್ಷೆಯ ದಿನ ಊಟದ ಸೈರನ್ ಆಯಿತೆಂದು ಮೊದಲು ರಿಜಿಸ್ಟರ್ ಬರೆದು ರುಜು ಹಾಕಿದ್ದೆ. ಊಟ ಮಾಡಿ ಬಂದು ಕೊಂಡಿ ಹಾಕೋಣ ಅಂದುಕೊಂಡಿದ್ದೆ, ಮರೆತೇಬಿಟ್ಟೆ.

ಕೊಂಡಿ ತೆಗೆದ ಜಾಗಕ್ಕೆ ಪ್ರತಿ ಸಲ ನಾನೊಂದು ಕೆಂಪು ಚೀಟಿ ಕಟ್ಟುತ್ತೇನೆ. ಅದು ಪೆಟ್ಟಿಗೆಯಲ್ಲಿಲ್ಲ. ಪ್ಯಾನೆಲ್ಲಿನಲ್ಲೂ ಇರಲಿಲ್ಲ. ನನ್ನ ತಪ್ಪು ಮುಚ್ಚಲು ಭಾವ ಚೀಲಕ್ಕೆ ತುರುಕಿದ್ದು ಅದನ್ನೇ. ‘ಕೊಂಡಿ ನನ್ನ ಬಳಿ ಇದೆ, ಜೋಕೆ, ಕೇಳದೆ ಇಲ್ಲಿ ಕೈ ಯಾಕೆ?’ ಅಂತ ಬರೆದಿರುತ್ತದೆ. ಇಡೀ ಸ್ಟೇಷನ್ನಿನಲ್ಲಿ ಹೀಗೆ ಪ್ರಾಸ ಹಾಕುವ ಮೂರ್ಖ ಒಬ್ಬನೇ.

ಮೇಲಿನದ್ದನ್ನು ಹರಿದು ಹೊಸದಾಗಿ ಬರೆಯಬಹುದಿತ್ತು. ಹರಿಯಲಿಲ್ಲ. ನಿನ್ನ ಗಂಡನ ಬಗ್ಗೆ ನಿನ್ನ ತಮ್ಮ ಏನೇನು ಅಂದುಕೊಂಡ ಎಂದು ನಿನಗೆ ಗೊತ್ತಿರಲಿ.

ಕೊಂಡಿಯನ್ನು ನಾಳೆಯೇ ಸಾಹೇಬರ ಮೇಜಿನ ಮೇಲಿಡುತ್ತೇನೆ. ಭಾವ ಆ ಚೀಟಿಯನ್ನು ಒಲೆಗೆ ಹಾಕಲು ನೋಡಬಹುದು, ಬಿಡಬೇಡ. ಸೋಮವಾರ ಅದನ್ನು ಅವರ ಕೈಯಲ್ಲೇ ಕಳಿಸು. ಎಲ್ಲರೆದುರು ನಾನೇ ಓದಬೇಕು.