ದಮ್ಮು ಯಾರ ಕಡೆಯದು?

ಸುರೇಬಾನ
೧೮ ಫೆಬ್ರವರಿ ೨೦೦೨

ಮಗಳು ರಾಜೇಶ್ವರಿಗೆ ಅವ್ವನ ಆಶೀರ್ವಾದ.

ನಿನ್ನ ಪತ್ರ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತೆಂದು ಸಿಟ್ಟಾಗಬೇಡ. ಸಿಟ್ಟಾಗುವ ಸರದಿ ಇವತ್ತು ನನ್ನದು. ಮೂರು ಸಲ ಬರೆದೆ, ಮೂರು ಸಲವೂ ನಿನ್ನ ಅಪ್ಪ ಓದಿ ಹರಿದು ಹಾಕಿದರು. "ಇಂಥಾದ್ದೆಲ್ಲಾ ಕಾಗದದಾಗ ಬರೀತಾರೇನ? ನಮ್ಮ ಮನಿತನದಾಗ ಯಾರಿಗೂ ದಮ್ಮಿಲ್ಲ ಅಂತ ಬರಿ, ಮುಗೀತು" ಎಂದರು. ಈಗ ಅವರು ಹೊಲದಲ್ಲಿದ್ದಾರೆ, ಜೋಳದ ರಾಶಿ ನಡೆದಿದೆ. ನಾನು ಚಿಲಕ ಹಾಕಿಕೊಂಡು ಕುಳಿತಿದ್ದೇನೆ.

ಮೊಮ್ಮಗಳು ಶೀತಲಳ ಎದೆ ಗೊರಗುಡುತ್ತದೆ ಎಂದು ಬರೆದಿದ್ದೀ. ಬೈಲಹೊಂಗಲದ ಡಾಕ್ಟರು ಮನೆಯಲ್ಲಿ ಹಿಂದೆ ಯಾರಿಗಾದರೂ ದಮ್ಮು, ಉಬ್ಬಸ ಇತ್ತೇ ಎಂದು ಕೇಳಿದರೆ, ನಿನ್ನ ಅತ್ತೆ ಮುಂದೆ ನುಗ್ಗಿ "ನಮ್ಮ ಕಡೆ ಯಾರಿಗೂ ಇಲ್ರಿ, ಸೊಸಿ ಕಡೆ ಕೇಳ್ರಿ" ಎಂದರಂತೆ. ಡಾಕ್ಟರು ಬಾಯಿಗೆ ಹೊಡೆದುಕೊಳ್ಳಲು ಕೊಟ್ಟ ಔಷಧದ ಪಂಪನ್ನು ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದ್ದಾರಂತೆ, ಚಟ ಹತ್ತುತ್ತದೆ, ನಾಳೆ ಹುಡುಗಿಗೆ ವರ ಸಿಗುವುದಿಲ್ಲ ಎಂದು. ಐದು ವರ್ಷದ ಮಗುವಿಗೆ ಮೊದಲು ಉಸಿರು ಬೇಕೋ, ವರ ಬೇಕೋ? ಓದಿ ತಲೆ ಕೆಟ್ಟುಹೋಯಿತು.

ಬಸ್ಸು ಹತ್ತಿ ರಾಮದುರ್ಗದ ಮಕ್ಕಳ ಡಾಕ್ಟರರ ಬಳಿ ಹೋದೆ. ಕೂಸು ಎಲ್ಲಿ ಎಂದರು. "ಬೈಲಹೊಂಗಲದಾಗ ಅದಾಳ್ರಿ" ಎಂದೆ. ನಕ್ಕರು, ಆದರೆ ಕೂರಿಸಿಕೊಂಡು ಹೇಳಿದರು: "ಅವ್ವಾರ, ಇದು ಒಬ್ಬರ ಕಡೆಯಿಂದನ ಬರೂದಲ್ಲರಿ. ತಾಯಿ ಕಡೆಯಿಂದ ಒಂದೀಟು, ತಂದಿ ಕಡೆಯಿಂದ ಒಂದೀಟು ಬರತೈತಿ. ರಕ್ತದಾಗ ಬರೂದು ಬರೇ ಮೈಗುಣ. ಮ್ಯಾಲೆ ಧೂಳಾ, ಹೊಟ್ಟು, ಹೊಗಿ ಕೂಡಿದ್ರ ಎದ್ದು ಕುಂದರತೈತಿ. ಅದೇ ಮೈಗುಣ ಒಬ್ಬರಿಗೆ ದಮ್ಮು, ಒಬ್ಬರಿಗೆ ಸೀನು, ಇನ್ನೊಬ್ಬರಿಗೆ ತುರಿಕಿ ಆಗಬಹುದು."

ಸೀನು ಎಂದಕೂಡಲೇ ನನಗೆ ಅಳಿಯ ಸಿದ್ಧಾರೂಢ ನೆನಪಾದರು. ಹದಿನೈದು ಸೀನು ಸೀನದೆ ಅವರು ಮುಂಜಾನೆ ಚಹಾ ಮುಟ್ಟಿದ್ದುಂಟೇ? ನಿಮ್ಮ ಓಣಿಯವರು ಆ ಸಪ್ಪಳಕ್ಕೇ ಏಳುತ್ತಾರೆ. ಒಂದೇ ಮನೆಯಲ್ಲಿ ಮಗನ ಸೀನು ನಿನ್ನ ಅತ್ತೆಗೆ ಕೇಳಿಸುವುದಿಲ್ಲ, ಸೊಸೆಯ ತವರಿನ ದಮ್ಮು ಮಾತ್ರ ಸವದತ್ತಿ ದಾಟಿ ಬಂದು ಕೇಳಿಸುತ್ತದೆ!

ಆದರೆ ನಾವೂ ಸಾಚಾ ಅಲ್ಲ. ನಿನ್ನ ಅಜ್ಜಿ ತಂಗೆವ್ವನಿಗೆ ದಮ್ಮು ಇತ್ತು. ನಿನ್ನನ್ನು ನೋಡಲು ಗಂಡಿನ ಕಡೆಯವರು ಬರುವ ಹಿಂದಿನ ದಿನ, ಅವಳ ಎದೆಯ ಸಪ್ಪಳ ಪಡಸಾಲೆಗೆ ಕೇಳೀತೆಂದು, ಸವದತ್ತಿಗೆ ನನ್ನ ತಂಗಿ ಭಾಗೀರಥಿಯ ಮನೆಗೆ ಸಾಗಿಸಿದೆವು. "ಮೊಮ್ಮಗಳ್ನ ನೋಡಾಕ ಬರೋರ್ನ ನಾ ನೋಡಬಾರದೇನ?" ಎನ್ನುತ್ತ ಬಸ್ಸು ಹತ್ತಿದಳು. ನಮ್ಮಲ್ಲಿ ಕನ್ಯೆ ನೋಡುವ ದಿನ ಪ್ರತಿ ಮನೆಯಿಂದಲೂ ಒಬ್ಬರು ಪರ ಊರಿಗೆ ಹೋಗಿರುತ್ತಾರೆ. ನಾವು ಮನೆ ನೋಡಲು ಬಂದಾಗ ನಿನ್ನ ಅತ್ತೆ ಯಾರನ್ನು ಕಳಿಸಿದ್ದರೋ, ಕೇಳಿ ನೋಡು.

ಈ ಕಾಗದವನ್ನು ಡಾಕ್ಟರರಿಗೆ ತೋರಿಸು, ಅತ್ತೆಗೂ ಓದಿ ಹೇಳು. ಪಂಪನ್ನು ಟ್ರಂಕಿನಿಂದ ತೆಗೆದು ಕೈಗೆ ಸಿಗುವ ಹಾಗೆ ಗೋಡೆಯ ಮಾಡದಲ್ಲಿಡು. ಬೈದರೆ ನನ್ನ ಹೆಸರು ಹೇಳು; ಬರುವ ಸೋಮವಾರ ನಾನೇ ಬರುತ್ತೇನೆ. ಶೀತಲ ನೂರು ವರ್ಷ ಬಾಳಲಿ. ಅಳಿಯಂದಿರು ಆರೋಗ್ಯದಿಂದಿರಲಿ. ನಿನಗೆ ಆ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಧೈರ್ಯ ಬರಲಿ.

ಇಂತಿ,
ನಿನ್ನ ಸುರೇಬಾನದ ಅವ್ವ
ಸುಂದರವ್ವ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಡಾಕ್ಟರರಿಗೆ ಇದನ್ನೂ ಹೇಳಬೇಕು. ದಮ್ಮು ನಿನಗೂ ಇತ್ತು. ಮೂರು ವರ್ಷದವಳಿದ್ದಾಗ ಕಣದಲ್ಲಿ ಹೊಟ್ಟು ಹಾರಿದರೆ ನಿನ್ನ ತುಟಿ ನೀಲಿಯಾಗುತ್ತಿತ್ತು. ಅದಕ್ಕೇ ನಿನ್ನನ್ನು ಭಾಗೀರಥಿಯ ಪೇಟೆಯ ಮನೆಯಲ್ಲಿ ಏಳು ವರ್ಷ ಬಿಟ್ಟದ್ದು. ಅಲ್ಲಿ ಅದು ಇಳಿಯಿತು, ನಿನಗೆ ನೆನಪಿಲ್ಲ. ಒಂಬತ್ತು ವರ್ಷದವಳಾಗಿ ಹಬ್ಬಕ್ಕೆ ಬಂದಾಗ ನೀನು ನಿನ್ನ ಅಣ್ಣನನ್ನು ತೋರಿಸಿ ಕೇಳಿದೆ: "ನಿಂಗರಾಜಣ್ಣನ್ನ ಇಟಗೊಂಡಿ, ನನ್ನ ಯಾಕ ಕಳಿಸಿದಿ? ನಾ ಹೆಣ್ಣಂತೇನ?" ನಿಜ ಹೇಳಿದರೆ ನೀನು ಗೆಳತಿಯರಿಗೆ ಹೇಳುತ್ತೀ, ಊರಿಗೆಲ್ಲ ಗೊತ್ತಾಗಿ ವರ ಸಿಗುವುದಿಲ್ಲ ಎಂದು ಹೆದರಿ, ನಾನು ಹೂಂ ಎಂದುಬಿಟ್ಟೆ. ಅಂದಿನಿಂದ ಭಾಗೀರಥಿ ನಿನಗೆ ಅವ್ವ, ನಾನು ಸುರೇಬಾನದ ಅವ್ವ. ನೀನು ಉಸಿರಾಡಲಿ ಎಂದು ಕಳಿಸಿದ್ದೆ ಮಗಳೇ. ಸೋಮವಾರ ನಾನು ಬಾಗಿಲಿಗೆ ಬಂದಾಗ ಒಂದು ಸಲ ಬರೀ ಅವ್ವಾ ಎಂದು ಕರೆ.