ಹತ್ರಿ ಸರ, ಕೊಟ್ಟೂರ್

ಕೂಡ್ಲಿಗಿ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷ ಊರುಗಳ ಹೆಸರು ಕೂಗಿ ಬಸ್ಸಿಗೆ ಜನ ಹತ್ತಿಸಿದ ಕಂಠೀರವ, ದಿವಂಗತ ನಾಗೇಂದ್ರಪ್ಪನವರ ಸನ್ನಿಧಾನಕ್ಕೆ ಮಗ ಕ್ರಾಂತಿ ಪೋಲೆಂಡಿನಿಂದ ಒಪ್ಪಿಸುವ ವರದಿ.

ಅಪ್ಪಾ, ಭಾನುವಾರ ಬ್ರೆಡ್ ಕಾರ್ಖಾನೆಯ ಗೆಳೆಯರ ಜೊತೆ ಫುಟ್‌ಬಾಲ್ ನೋಡಲು ಹೋಗಿದ್ದೆ. ನಮ್ಮ ತಂಡ ಸೋಲುತ್ತಿತ್ತು. ಪಕ್ಕದಲ್ಲಿ ತೋಮಾಶ್ ಕೂತಿದ್ದ. ಅವನು ಹೆವಿ ಮೆಟಲ್ ಹಾಡುಗಾರ, ಹೊಟ್ಟೆಯಿಂದ ಗುಟುರು ಹಾಕುವುದೇ ಅವನ ಸಂಗೀತ. ನಿಮ್ಮೂರಲ್ಲಿ ಹೀಗೆ ಕೂಗುವವರು ಇದ್ದಾರೇನು ಎಂದು ಕೆಣಕಿದ. ನಾನು ಎದ್ದು ನಿಂತು ನಿನ್ನ ಗಂಟಲಲ್ಲೇ ಕೂಗಿದೆ.

"ಯಾರ್ರೀ ಕೊಟ್ಟೂರ್, ಹಡಗ್ಲಿ, ಹರಪನಳ್ಳಿ! ಹತ್ರಿ, ಹತ್ರಿ!"

ತೋಮಾಶ್ ದಂಗಾದ. ಹತ್ತು ನಿಮಿಷದಲ್ಲಿ ಇಡೀ ಗ್ಯಾಲರಿ ಡ್ರಮ್ ಬಡಿಯುತ್ತ ಅದನ್ನೇ ಕೂಗತೊಡಗಿತು. ನಮ್ಮವರ ಗೋಲೂ ಬಿತ್ತು.

ಆ ವಿಡಿಯೊ ಈಗ ಲೋಕವೆಲ್ಲ ಓಡಾಡುತ್ತಿದೆ. ಬ್ರೆಜಿಲಿನವನೊಬ್ಬ ಅರ್ಥ ಕೇಳಿದ. ಮೂವರು ಯುದ್ಧದೇವತೆಗಳ ಹೆಸರು ಎಂದು ಗಂಭೀರವಾಗಿ ತಿಳಿಸಿದೆ. ಪಾಪ, ಕೈಮುಗಿದ ಚಿತ್ರ ಕಳಿಸಿದ.

ವಿಡಿಯೊದ ಕೆಳಗೆ ನಮ್ಮ ಕೂಡ್ಲಿಗಿ ಕಡೆಯ ಕಾನಹೊಸಹಳ್ಳಿಯವರೊಬ್ಬರು ಬರೆದಿದ್ದರು: "ಲೇ ತಮ್ಮಾ, ಇದು ನಮ್ಮ ನಾಗೇಂದ್ರಪ್ಪನ ಕೂಗು ಐತಿ. ಅವ ನಿನಗೇನಾಗ್ಬೇಕು?"

ಕೊಟ್ಟೂರಿನ ಕಾಲೇಜಿಗೆ ಹೊರಟ ಮೊದಲ ದಿನ ಸ್ಟ್ಯಾಂಡಿನಲ್ಲಿ ಗೆಳೆಯರು, ನೀನು ನನಗೇನಾಗಬೇಕೆಂದು ನಿನ್ನೆದುರೇ ಕೇಳಿದ್ದರು. "ಯಾರೋ ಬಸ್ ಕೂಗೋನು" ಎಂದಿದ್ದೆ. ಮನೆಯಲ್ಲಿ "ಲೇ ಕ್ರಾಂತಿ" ಎನ್ನುವ ನೀನು, ಮರುದಿನದಿಂದ ಮೂರು ವರ್ಷ, ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿದಾಗಲೆಲ್ಲ "ಹತ್ರಿ ಸರ" ಎಂದೆ.

ಈ ಸಲ ತಡಮಾಡದೆ ಉತ್ತರ ಬರೆದೆ: "ನಾನು ಅವರ ಮಗ ಅದೀನ್ರಿ." ಎರಡು ಸಾವಿರ ಜನ ಮೆಚ್ಚಿದ್ದಾರೆ. ನೀನೂ ಮೆಚ್ಚಿದ್ದರೆ, ಸ್ಟ್ಯಾಂಡಿಗೆಲ್ಲ ಕೇಳುವಂತೆ ಒಮ್ಮೆ "ಹತ್ತಲೇ ಕ್ರಾಂತಿ" ಎಂದು ಗದರಿಬಿಡು.