ಶಶಿಗೆ ಬಂದ ಸಂಬಂಧ

೪ ನವೆಂಬರ್ ೧೯೭೯, ಟೊರಾಂಟೊ

ಭಾನುವಾರ. ಬಟ್ಟೆ ಒಗೆದದ್ದಾಯಿತು. ಮಫ್ಲರ್ ಇನ್ನೂ ಸಿಕ್ಕಿಲ್ಲ. ಹೊರಗೆ ಎಲೆ ಗುಡಿಸಿ ಚೀಲಕ್ಕೆ ತುಂಬುತ್ತಿದ್ದಾರೆ.

ಗುಣವತಿ ಪೇಪರಿನಿಂದ ಹೂವಿನ ಪ್ರದರ್ಶನದ ಜಾಹೀರಾತು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾಳೆ. ಕ್ರಿಸಾಂಥಮಮ್ ಶೋ, ಸೇವಂತಿಗೆಯದು. ಮಾತಿನಲ್ಲಿ ಹೇಳಬೇಕಾಗಿಲ್ಲ. ಈ ಊರಿಗೆ ಬಂದಂದಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ನನಗೆ ಹೂವಿನ ಮೇಲೆ ಅಂಥ ಆಸೆ ಏನಿಲ್ಲ. ಗಾಜಿನ ಮನೆಯೊಳಗೆ ಬೆಚ್ಚಗಿರುತ್ತದೆ, ಅಷ್ಟೆ.

೧೧ ನವೆಂಬರ್, ಸಂಜೆ

ಹೋಗಿ ಬಂದೆವು. ಬರೆಯುವುದೋ ಬೇಡವೋ… ಬರೆಯುತ್ತೇನೆ.

ನಗರದ ನಡುವಿನ ದೊಡ್ಡ ಉದ್ಯಾನ. ಗಾಜಿನ ಗುಮ್ಮಟ. ಬಾಗಿಲು ದಾಟಿದ ಕೂಡಲೇ ಕನ್ನಡಕದ ಮೇಲೆ ಹಬೆ. ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ — ಒದ್ದೆ ಮಣ್ಣಿನ ವಾಸನೆ ಮಾತ್ರ. ಗುಣವತಿ ಯಾವಾಗಲೂ ಅಲ್ಲೇ ಕೋಟು ಬಿಚ್ಚಿ ನನ್ನ ಕೈಗೆ ಕೊಡುತ್ತಾಳೆ. ಸೆರಗು ಸರಿಮಾಡಿಕೊಂಡು ಮುಂದೆ ನಡೆಯುತ್ತಾಳೆ. ಕೋಟು ಹೊತ್ತು ಹಿಂದೆ ನಾನು.

ಸೇವಂತಿಗೆ ಎಂದರೆ ನಮಗೆ ಗೊತ್ತಿದ್ದದ್ದು ಮಾಲೆಯಲ್ಲಿ ಕಟ್ಟುವ ಪುಟ್ಟ ಹಳದಿ ಹೂ. ಇಲ್ಲಿಯದು ಮಗುವಿನ ತಲೆಯಷ್ಟು ದೊಡ್ಡದು. ಗಿಡಕ್ಕೆ ಒಂದೇ. ಉಳಿದ ಮೊಗ್ಗುಗಳನ್ನು ಮೊದಲೇ ಚಿವುಟಿಬಿಡುತ್ತಾರೆ ಎಂದು ಬೋರ್ಡಿನಲ್ಲಿ ಬರೆದಿದೆ. ಮುಟ್ಟಬಾರದು ಎಂದೂ ಬರೆದಿದೆ. ಗೋಡೆಯ ಮೇಲಿಂದ ಜಲಪಾತದ ಹಾಗೆ ಇಳಿಬಿಟ್ಟ ಕೆಲವು. ತಂತಿಗೆ ಹಬ್ಬಿಸಿ ನವಿಲು ಮಾಡಿದ ಕೆಲವು. ಜನ ನವಿಲಿನ ಹತ್ತಿರವೇ ಹೆಚ್ಚು.

ಗುಣವತಿ ಬಿಳಿಯದರ ಮುಂದೆ ನಿಂತಳು.

"ಈ ವರ್ಷ ಇದು. ಹೋದ ವರ್ಷದ ಕೆಂಪು ಅವಳಿಗೆ ಅಷ್ಟು ಒಪ್ಪಲಿಲ್ಲ."

"ಯಾರಿಗೆ?"

"ಶಶಿಗೆ." ನನ್ನ ಕಡೆ ತಿರುಗಲಿಲ್ಲ. "ಅವಳಿಗೆ ಸಂಬಂಧ ಬಂದುಂಟು. ನೀವು ಆಫೀಸಿಗೆ ಹೋದಾಗ ತಮ್ಮ ಲೋಕು ಬೊಂಬಾಯಿಯ ಹೋಟೆಲಿಂದ ಫೋನ್ ಮಾಡಿದ್ದ. ಫಳ್ನೀರಿನವರು, ಒಳ್ಳೆ ಮನೆ. ಹುಡುಗ ಮೋಹನದಾಸ ಅಂತ. ನಕ್ಷತ್ರ ಕೂಡಿ ಬರ್ತದಂತೆ."

ನಮ್ಮ ಮಗಳು ಶಶಿಪ್ರಭಾ ತೀರಿಕೊಂಡದ್ದು ಅರುವತ್ತೊಂದರಲ್ಲಿ. ಮೂರು ವರ್ಷ. ಗಂಟಲಮಾರಿ. ಮಂಗಳೂರಿನ ಅತ್ತಾವರದ ಆಸ್ಪತ್ರೆ. ಮರುವರ್ಷವೇ ನಾವು ಊರು ಬಿಟ್ಟೆವು. ಈ ಹುಡುಗನೂ ಹಾಗೆಯೇ ತೀರಿಕೊಂಡವನು, ಐದನೆಯ ವರ್ಷಕ್ಕೆ ಟೈಫಾಯ್ಡ್ ಎಂದಳು.

"ಹುಡುಗಿ ಎಲ್ಲಿವರೆಗೆ ಓದಿದ್ದಾಳೆ ಅಂತ ಅವನ ತಾಯಿ ಕೇಳಿದರಂತೆ. ಲೋಕುಗೆ ಎಂತ ಹೇಳುದು ಗೊತ್ತಾಗಲಿಲ್ಲ. ಬಿ.ಎ. ಅಂತ ಹೇಳು ಅಂದೆ."

ಯಾರೋ ಮುದುಕ ದಂಪತಿ ತಮ್ಮ ಕ್ಯಾಮೆರಾ ಕೊಟ್ಟು, ಫೋಟೊ ತೆಗೆಯುತ್ತೀರಾ ಎಂದರು. ಕೋಟನ್ನು ಹೆಗಲಿಗೆ ಹಾಕಿಕೊಂಡು ತೆಗೆದೆ. ಹೂವಿನ ಮಧ್ಯೆ ಇಬ್ಬರ ನಗು. ಕ್ಯಾಮೆರಾ ಹಿಂದೆ ಕೊಟ್ಟೆ.

"ನನಗೆ ಇದರಲ್ಲಿ ನಂಬಿಕೆ ಇಲ್ಲ" ಎಂದೆ.

"ನಂಬಿಕೆ ಯಾರು ಕೇಳಿದ್ದು? ಮದುವೆಗೆ ಬರ್ತೀರಾ ಅಂತ ಕೇಳ್ತಿದ್ದೇನೆ."

"ಇಲ್ಲ."

ಕೋಟು ತೆಗೆದುಕೊಂಡಳು. ಅಷ್ಟು ಸೆಕೆಯೊಳಗೇ ಹಾಕಿಕೊಂಡು ಕತ್ತಿನವರೆಗೂ ಗುಂಡಿ ಹಾಕಿದಳು.

೧೨ ನವೆಂಬರ್

ನಮ್ಮ ಕಡೆ ಸತ್ತ ಮಕ್ಕಳೂ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ, ಹಾಗೆಯೇ ಸತ್ತ ಇನ್ನೊಂದು ಮನೆಯ ಮಗುವನ್ನು ಹುಡುಕಿ ಮದುವೆ ಮಾಡಬೇಕು. ಮಳೆಗಾಲದ ಆಟಿ ತಿಂಗಳಲ್ಲಿ ಮಾಡುವ ಕುಲೆ ಮದುವೆ, ಸತ್ತವರ ಮದುವೆ. ಮಾಡದಿದ್ದರೆ ಬದುಕಿರುವ ಮಕ್ಕಳ ಮದುವೆಗೆ ಅಡ್ಡ. ಗುಣವತಿಯ ತಂಗಿ ಗುಲಾಬಿಯ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗುತ್ತಿವೆ. ಜೋಯಿಸರಲ್ಲಿ ಕೇಳಿದಾಗ ಶಶಿಯ ಹೆಸರು ಬಂತಂತೆ.

ನನ್ನ ಒಪ್ಪಿಗೆಯ ಅಗತ್ಯವೇ ಇಲ್ಲ. ಅಳಿಯಸಂತಾನ. ಮಗು ತಾಯಿಯ ಮನೆಗೆ ಸೇರಿದ್ದು. ಧಾರೆಗೆ ನಿಲ್ಲುವವನು ಸೋದರಮಾವ ಲೋಕನಾಥ. ಅಪ್ಪ ಒಬ್ಬ ನೆಂಟ.

ಹಾಗಿದ್ದರೆ ನನ್ನನ್ನು ಕೇಳಿದ್ದೇಕೆ?

ಇನ್ನೊಂದು. ಹೋದ ವರ್ಷದ ಕೆಂಪು ಎಂದಳು. ಅಂದರೆ ಪ್ರತಿ ವರ್ಷ ಆ ಗಾಜಿನ ಮನೆಯಲ್ಲಿ ಅವಳು ಒಂದು ಜಡೆಗೆ ಹೂ ಹುಡುಕುತ್ತಿದ್ದಳು. ಜಡೆ ಪ್ರತಿ ವರ್ಷ ಉದ್ದವಾಗುತ್ತಿತ್ತು. ನಾನು ಕೋಟು ಹಿಡಿದು ನಿಂತಿರುತ್ತಿದ್ದೆ.

೨ ಡಿಸೆಂಬರ್

ಹಿಮ. ಗುಣವತಿ ಹೊಲಿಗೆಯ ಕೋಣೆಯಲ್ಲಿ ಮಲಗುತ್ತಿದ್ದಾಳೆ. ಅಲ್ಲಿ ಹೀಟರ್ ಚೆನ್ನಾಗಿದೆಯಂತೆ.

೧೮ ಮಾರ್ಚ್ ೧೯೮೦

ಊಟಕ್ಕೆ ಕೂತಾಗ ಹೇಳಿದಳು.

"ಜುಲೈಗೆ ಟಿಕೆಟ್ ಮಾಡಿದ್ದೇನೆ. ಒಂದು."

ನಾನು ಅನ್ನ ಕಲಸುತ್ತಿದ್ದೆ.

"ನೀವು ಬಾರದಿದ್ದರೆ ನಾನು ತಿರುಗಿ ಬರುದಿಲ್ಲ. ಸಿಟ್ಟಿನಲ್ಲಿ ಹೇಳುದಲ್ಲ. ಬಂದು ಸುಮ್ಮನೆ ನಿಲ್ಲುದೂ ಬೇಡ. ಅವಳು ಹೋದ ಮೇಲೆ ನಿಮ್ಮ ಬಾಯಲ್ಲಿ ಅವಳ ವಿಷಯ ಒಂದು ಮಾತು ನಾನು ಕೇಳಿಲ್ಲ. ಒಂದು. ಮದುವೆಗಾದರೂ ಹೇಳಿ."

ಸಾರು ತಣ್ಣಗಾಯಿತು. ಬಿಸಿ ಮಾಡಲೇ ಎಂದು ಕೇಳಿದೆ. ಬೇಡ ಎಂದಳು.

೩೦ ಮೇ

ರಜೆ ಕೇಳಲು ಹೋದೆ. ಕಾರಣ? "ಮಗಳ ಮದುವೆ." ಬೇರೆ ಏನೋ ಹೇಳಬೇಕೆಂದು ಹೋದವನು. ಬಾಯಿಗೆ ಅದೇ ಬಂತು.

ಮಧ್ಯಾಹ್ನದೊಳಗೆ ಡ್ರಾಯಿಂಗ್ ಆಫೀಸಿಗೆಲ್ಲ ಸುದ್ದಿ. ಕೇಕು ತಂದರು. ಪಕ್ಕದ ಮೇಜಿನ ಮಿಸೆಸ್ ಹಾರ್ಪರ್ ಕೆನ್ನೆಗೆ ಮುತ್ತು ಕೊಟ್ಟಳು. ಮಗಳಿದ್ದಾಳೆ ಎಂದು ಇಷ್ಟು ವರ್ಷ ಹೇಳಲೇ ಇಲ್ಲವಲ್ಲ, ವರ ಎಲ್ಲಿದ್ದಾನೆ ಎಂದಳು.

"ಅವಳು ಇರುವಲ್ಲೇ."

ಎಲ್ಲರೂ ಖುಷಿಪಟ್ಟರು. ಕೇಕಿಗೆ ಸಿಹಿ ಜಾಸ್ತಿ.

ಮನೆಗೆ ಬಂದು ಎರಡನೆಯ ಟಿಕೆಟ್ ಮೇಜಿನ ಮೇಲಿಟ್ಟೆ. ಗುಣವತಿ ನೋಡಿದಳು. ತನ್ನ ಟಿಕೆಟ್ಟಿನ ಜೊತೆ ಡ್ರಾಯರಿನಲ್ಲಿಟ್ಟಳು.

೨೫ ಜುಲೈ, ಮಂಗಳೂರು

ಬಜ್ಪೆ ವಿಮಾನ ನಿಲ್ದಾಣಕ್ಕೆ ಲೋಕನಾಥ ಕಾರು ತಂದಿದ್ದ.

"ಎಂತ ಭಾವ, ತಲೆಕೂದಲನ್ನೆಲ್ಲ ಕೆನಡಾಕ್ಕೇ ಕೊಟ್ಟು ಬಂದಿರಾ?"

"ನಿನ್ನ ಹೊಟ್ಟೆ ನೋಡಿದರೆ ಹೋಟೆಲು ಚೆನ್ನಾಗಿ ನಡೆಯುತ್ತಿದೆ."

"ಗಿರಾಕಿ ಬಿಟ್ಟದ್ದನ್ನು ನಾನೇ ತಿನ್ನುದು ಮಾರಾಯ್ರೆ."

ದಾರಿಯುದ್ದ ಇದೇ. ಗುಣವತಿಗೆ ಹಿಂದಿನ ಸೀಟಿನಲ್ಲಿ ನಿದ್ದೆ. ಕುಲಶೇಖರದಲ್ಲಿ ಅವನ ಊರಮನೆ ಹತ್ತಿರವಾದಾಗ ಮಾತ್ರ ದನಿ ಇಳಿಸಿದ. "ಬಂದದ್ದು ಒಳ್ಳೇದಾಯ್ತು ಭಾವ. ಅಕ್ಕ ಎಂತೆಂತದೋ ಹೇಳ್ತಿದ್ದಳು."

ಅವನ ಮನೆಯಲ್ಲಿ ಮದುವೆ ಗದ್ದಲ. ಕಡೆಯುವ ಕಲ್ಲಿಗೆ ಬಿಡುವಿಲ್ಲ. ಯಾರೂ ದನಿ ತಗ್ಗಿಸಿ ಮಾತಾಡುತ್ತಿಲ್ಲ. ಮದುವೆಯಾಗದವರು ಈ ಮದುವೆ ನೋಡಬಾರದು ಎಂದು ಗುಲಾಬಿಯ ಮಗಳನ್ನು ಪಕ್ಕದ ಲೂರ್ಡ್ಸ್ ಬಾಯಿಯ ಮನೆಗೆ ಕಳಿಸುವುದಂತೆ. ಬೇಲಿಯಾಚೆಯಿಂದ ಅವರೇ ಕೂಗಿ ಹೇಳಿದರು:

"ನಮ್ಮಲ್ಲಿ ಸತ್ತವರಿಗೆ ಇಗರ್ಜಿಯಲ್ಲಿ ಪೂಜೆ ಇಡಿಸ್ತೇವೆ, ಮದುವೆ ಎಲ್ಲ ಇಲ್ಲಪ್ಪ. ಹುಡುಗಿ ಬರ್ಲಿ. ಪತ್ರೊಡೆ ಮಾಡಿದ್ದೇನೆ."

೨೭ ಜುಲೈ

ಬರಿಗೈಯಲ್ಲಿ ಬಂದದ್ದು ಸರಿಯಲ್ಲ ಅನಿಸಿತು. ಮಾರ್ಕೆಟ್ಟಿಗೆ ಹೋಗಿ ಅಬೂಬಕ್ಕರ್ ಎಂಬವರ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ಕೇಳಿದೆ. ಕೈಯ ಅಳತೆ ಎಷ್ಟೆಂದರು. ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿದೆ.

"ಓ, ಸಣ್ಣ ಮಗು. ಅಳುವಾಗ ಹಾಕ್ಬೇಡಿ, ಒಡೀತದೆ."

ಮನೆಗೆ ಬಂದು ಜಗಲಿಯಲ್ಲಿ ಪೊಟ್ಟಣ ಬಿಚ್ಚಿದೆ. ಹೂ ಕಟ್ಟುತ್ತಿದ್ದ ಹೆಂಗಸರೆಲ್ಲ ಬಗ್ಗಿ ನೋಡಿದರು. ಗುಲಾಬಿಗೆ ನಗು ತಡೆಯಲಿಲ್ಲ.

"ಭಾವ, ಮದುಮಗಳಿಗೆ ಇದಾ? ಬೆರಳಿಗೆ ಹಾಕ್ಲಿಕ್ಕಾ?"

ಎಲ್ಲರೂ ನಕ್ಕರು. ನಾನೂ ನಗಲು ನೋಡಿದೆ. ಗುಣವತಿ ನಗಲಿಲ್ಲ. ಒಂದು ಬಳೆ ತೆಗೆದು ತನ್ನ ಮಣಿಕಟ್ಟಿನ ಪಕ್ಕದಲ್ಲಿ ಹಿಡಿದಳು.

"ಅವಳ ಕೈ ಈಗ ನನ್ನಷ್ಟೇ ಉಂಟು" ಎಂದಳು. ಮೆಲ್ಲಗೆ. ಗೊತ್ತಿಲ್ಲದವರಿಗೆ ತಿಳಿಸಿ ಹೇಳುವ ಹಾಗೆ.

ಅವಳ ಮಗಳಿಗೆ ಇಪ್ಪತ್ತೆರಡು. ನನ್ನವಳಿಗೆ ಮೂರು. ಒಂದೇ ಮನೆಯಲ್ಲಿ ಇಬ್ಬರನ್ನು ಸಾಕಿದ್ದೇವೆ, ಒಬ್ಬರಿಗೊಬ್ಬರು ತೋರಿಸದೆ.

೨೯ ಜುಲೈ

ದೀಪ ಹಚ್ಚುವ ಹೊತ್ತಿಗೆ ಮದುವೆ. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಸೀರೆ, ಕರಿಮಣಿ, ಗುಣವತಿಯ ಅಳತೆಯ ಬಳೆ, ಮಲ್ಲಿಗೆ. ಇನ್ನೊಂದರ ಮೇಲೆ ಪಂಚೆ, ಅಂಗಿ, ಶಲ್ಯ. ಎರಡು ಮಣೆಯ ನಡುವೆ ಸ್ವಲ್ಪ ಜಾಗ ಬಿಟ್ಟಿದ್ದರು. ಧಾರೆಯಾದ ಮೇಲೆ ಹತ್ತಿರ ಸರಿಸಿದರು.

ನೀರೆರೆದವನು ಲೋಕನಾಥ. ಯಾವಾಗಲೂ ತಮಾಷೆ ಮಾಡುವ ಮನುಷ್ಯ, ಗಿಂಡಿಯಿಂದ ಕಣ್ಣು ತೆಗೆಯಲಿಲ್ಲ. ನಾನು ಕಂಬದ ಹತ್ತಿರ. ಹಿರಿಯರೊಬ್ಬರು, "ಹುಡುಗಿಯ ಅಪ್ಪ ಎಂತಾದರೂ ಹೇಳುದುಂಟಾ?" ಎಂದರು. ಗುಣವತಿ ತಲೆಯೆತ್ತಿ ನೋಡಿದಳು. ಎಲ್ಲರೂ ಕಾದರು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಬೇರೆ ಯಾರೋ, ಊಟಕ್ಕೆ ಏಳಿ ಎಂದರು.

ಮೊದಲು ಮದುಮಕ್ಕಳಿಗೆ ಬಡಿಸಿದರು. ಆಮೇಲೆ ನಮಗೆ. ಕೋರಿರೊಟ್ಟಿ, ಪಾಯಸ. ತಿಂದೆ.

ಹುಡುಗನ ತಾಯಿ ಮುದ್ದು — ಬೆಳ್ಳಗೆ ತೆಳ್ಳಗಿನ ಹೆಂಗಸು — ಮದುಮಗಳ ಸೀರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಟ್ಯಾಕ್ಸಿಯಲ್ಲಿ ಕೂತರು. ಗುಣವತಿ ಕಿಟಕಿ ಬಿಡಲಿಲ್ಲ.

"ಅವಳಿಗೆ ಶೀತ ಬೇಗ ಆಗ್ತದೆ. ತಲೆ ಒದ್ದೆ ಇಟ್ಟುಕೊಳ್ಳಲಿಕ್ಕೆ ಬಿಡ್ಬೇಡಿ."

"ನಾನು ನೋಡ್ಕೊಳ್ತೇನೆ" ಎಂದರು ಅವರು.

೩೧ ಜುಲೈ

"ನೀವು ಬಂದಿರಿ. ಬಂದು ನಿಂತಿರಿ" ಎಂದಳು ಗುಣವತಿ. ಬೈಗುಳ ಇರಲಿಲ್ಲ ಅದರಲ್ಲಿ. "ನಾನು ಬರುದಿಲ್ಲ. ಮಗಳ ಮನೆ ಫಳ್ನೀರಿನಲ್ಲಿರುವಾಗ ನಾನು ಅಲ್ಲಿ ಎಂತ ಮಾಡ್ಲಿ, ಹೇಳಿ?"

ಅಲ್ಲಿ ನಾನು ಇದ್ದೇನೆ ಎನ್ನಬಹುದಿತ್ತು.

೪ ಆಗಸ್ಟ್, ಸಂಜೆ

ನಾಳೆ ಬೊಂಬಾಯಿಗೆ ವಿಮಾನ. ಒಬ್ಬನಿಗೆ.

ಫಳ್ನೀರಿಗೆ ಹೋಗಿ ಬಂದೆ. ಗುಣವತಿ ಬೆಳಿಗ್ಗೆಯೇ ಅಲ್ಲಿಗೆ ಹೋಗಿದ್ದಳು. ಹೋಗುವ ಮೊದಲು ನೆಂಟರಿಗೆ ಹೇಳಿ ಬರುವುದು ಕ್ರಮ ಎಂದು ನಾನು ಆಮೇಲೆ ಹೋದೆ. ಮುದ್ದು ಚಾ ತಂದಿಟ್ಟರು. ಒಳಗೆ ಅಡಿಗೆಮನೆಯಲ್ಲಿ ಗುಣವತಿ ಪಾತ್ರೆ ತೊಳೆಯುತ್ತಿದ್ದಳು. ತನ್ನದೇ ಮನೆಯ ಹಾಗೆ.

ಮುದ್ದು ಎದುರಿನ ಬೆಂಚಿನಲ್ಲಿ ಕೂತರು. ಆಮೇಲೆ —

"ನಮ್ಮವನಿಗೆ ಕತ್ತಲೆ ಅಂದ್ರೆ ಹೆದರಿಕೆ. ದೀಪ ಆರಿಸ್ಲಿಕ್ಕೆ ಬಿಡ್ತಿರ್ಲಿಲ್ಲ. ಅಲ್ಲಿ ಒಬ್ಬನೇ ಎಂತ ಮಾಡ್ತಾನೋ ಅಂತ ನನಗೆ ಇಷ್ಟು ವರ್ಷ… ಈಗ ಜೊತೆಗೆ ಒಬ್ಬಳು ಇದ್ದಾಳಲ್ಲ. ನಿಮ್ಮವಳು ಹೇಗೆ? ಅವಳಿಗೂ ಹೆದರಿಕೆಯಾ?"

ತಿಳಿಯದೆ ಕೇಳಿದ್ದು. ಒಬ್ಬ ತಾಯಿಗೆ ಬೇಕಾದ ವಿವರ. ಕಪ್ಪು ಕೆಳಗಿಟ್ಟೆ.

"ಇಲ್ಲ" ಎಂದೆ. "ಶಶಿಗೆ ಹೆದರಿಕೆ ಇರಲಿಲ್ಲ. ಕರೆಂಟು ಹೋದರೆ ನಗುತ್ತಿದ್ದಳು. ಅವಳ ತಾಯಿ ಅಡಿಗೆ ಮಾಡುವಾಗ ನಾನೇ ಮಲಗಿಸುತ್ತಿದ್ದದ್ದು. ಕತ್ತಲೆಯಲ್ಲಿ ನನ್ನ ಮೂಗು ಹುಡುಕಿ ಹಿಡಿದು, 'ಅಪ್ಪ ಸಿಕ್ಕಿದ' ಅನ್ನುತ್ತಿದ್ದಳು. ನಿಮ್ಮ ಮಗನನ್ನೂ ಹುಡುಕಿಯಾಳು."

ಒಳಗೆ ಪಾತ್ರೆಯ ಸದ್ದು ನಿಂತಿತು.

ಮುದ್ದು ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಎದ್ದು ಬಂದೆ. ಗುಣವತಿ ಹೊರಗೆ ಬರಲಿಲ್ಲ.

ಈಗ ಬಂದಿದ್ದಾಳೆ. ಕಾಲು ತೊಳೆದು ಬಾಗಿಲಲ್ಲಿ ನಿಂತಿದ್ದಾಳೆ. ಸೂಟ್‌ಕೇಸಿನ ಕಡೆ ನೋಡುತ್ತಿಲ್ಲ.

"ಮೂಗು ಹಿಡಿಯುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ" ಎನ್ನುತ್ತಾಳೆ. "ಬರೆಯುದು ಆಮೇಲೆ. ಇಲ್ಲಿ ಬನ್ನಿ, ಕೂತುಕೊಳ್ಳಿ. ಮತ್ತೆ ಎಂತ ಮಾಡ್ತಿದ್ದಳು?"

ಮತ್ತೆ —